‘ಏರಿಯಾ ತುಂಬೋಗಿದೆ’ ಅನ್ನೋರಿಗೆ ಹಿತ್ತಲ ಗಲ್ಲಿಯಿಂದ ಒಂದಿಷ್ಟು ಇತಿಹಾಸ



ಪೋಸ್ಟ್ ಉದ್ದ ಇದೆ. ಬಿಡುವು ಮಾಡ್ಕೊಂಡು ಓದಿ, ಆದ್ರೆ ಪೂರ್ತಿ ಓದಿ.

ಬೆಂಗಳೂರಲ್ಲಿ ಈಗ ಯಾವ ಬಡಾವಣೆಯ ನಿವಾಸಿಗಳ ಸಭೆಗೆ ಹೋದ್ರೂ ಒಂದು ಮಾತು ಕೇಳಿಸುತ್ತೆ. ‘ನಮ್ಮ ಏರಿಯಾ ತುಂಬೋಗಿದೆ, ಇನ್ನು ಜನ ತಡ್ಕೊಳಲ್ಲ.’ ಹಿಂದೆಯೇ ಪಟ್ಟಿ ಬರುತ್ತೆ. ಟ್ರಾಫಿಕ್, ಪಾರ್ಕಿಂಗ್, ಒಳಚರಂಡಿ, ಕಾವೇರಿ ನೀರಿನ ಪ್ರೆಷರ್, ಅಪಾರ್ಟ್‌ಮೆಂಟು, ಪಿಜಿ, ತಳ್ಳುಗಾಡಿ. ಪಟ್ಟಿಯ ಕೊನೆಗೆ, ಸ್ವಲ್ಪ ದನಿ ತಗ್ಗಿಸಿ, ‘ಆ ಕಡೆ ಸ್ಲಮ್ಮು’.

ಪಟ್ಟಿಯಲ್ಲಿರೋ ತೊಂದರೆಗಳು ಸುಳ್ಳು ಅಂತ ನಾನು ಹೇಳಲ್ಲ. ನಾನೂ ಕಚೇರಿಗೆ ಎರಡು ಬಸ್ ಬದಲಾಯಿಸಿ ಹೋಗೋ ಗುಮಾಸ್ತ. ಸಿಗ್ನಲ್‌ನಲ್ಲಿ ಮುಕ್ಕಾಲು ಗಂಟೆ ನಿಂತು, ಹಾಜರಾತಿ ಪುಸ್ತಕದಲ್ಲಿ ಕೆಂಪು ಗೆರೆ ಬೀಳೋ ಮುಂಚೆ ಓಡಿ ಸಹಿ ಮಾಡಿದೋನು. ನನ್ನ ಪ್ರಶ್ನೆ ಬೇರೆ. ‘ತುಂಬೋಗಿದೆ’ ಅನ್ನುವಾಗ ಯಾರನ್ನ ಎಣಿಸ್ತಾ ಇದ್ದೀವಿ? ಈ ಊರು ಒಂದು ಕಡೆ ಖಾಲಿ ಖಾಲಿಯಾಗಿ, ಇನ್ನೊಂದು ಕಡೆ ಕಿಕ್ಕಿರಿದು ಬೆಳೆದದ್ದು ಹೇಗೆ? ಇದು ತಾನಾಗಿ ಆದದ್ದಲ್ಲ. ನಕ್ಷೆ ಬರೆದು, ಸೈಟು ಹಂಚಿ, ಆದೇಶ ಹೊರಡಿಸಿ ಆದದ್ದು. ನನ್ನ ಕೆಲಸವೇ ಫೈಲು ಓದೋದು, ಹಾಗಾಗಿ ಫೈಲಿನ ರೀತಿಯಲ್ಲೇ ಹಿಂದಿನ ಪುಟದಿಂದ ಶುರು ಮಾಡ್ತೀನಿ.

ಪೇಟೆ

ಹಳೇ ಬೆಂಗಳೂರು ಅಂದ್ರೆ ಪೇಟೆ. ಹೆಸರುಗಳನ್ನ ಒಂದ್ಸಲ ಬಾಯಿಬಿಟ್ಟು ಓದಿ: ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ಉಪ್ಪಾರಪೇಟೆ, ನಗರ್ತಪೇಟೆ. ಕಸುಬಿನ ಹೆಸರು, ಜಾತಿಯ ಹೆಸರು, ಸರಕಿನ ಹೆಸರು. ಕೆಳಗೆ ಅಂಗಡಿ, ಮೇಲೆ ಮನೆ, ಹಿಂದೆ ಮಗ್ಗ. ಜನ ಒತ್ತೊತ್ತಾಗಿ ಬದುಕಿದ್ರು, ಯಾಕಂದ್ರೆ ಕೆಲಸ ಅಲ್ಲೇ ಇತ್ತು. ಸಾಂದ್ರತೆ ಅನ್ನೋದು ಆಗ ಬೈಗುಳ ಆಗಿರಲಿಲ್ಲ, ವ್ಯಾಪಾರದ ಜೀವ ಆಗಿತ್ತು.

ಈ ಸಾಲಿನಲ್ಲಿ ಹೊಲೆಯರ ಪೇಟೆ, ಮಾದಿಗರ ಪೇಟೆ ಅಂತ ಒಂದು ಹೆಸರು ನನ್ನ ಕಣ್ಣಿಗೆ ಬಿದ್ದಿಲ್ಲ. ಚರ್ಮ ಹದ ಮಾಡಿದೋರು, ಸತ್ತ ದನ ಎತ್ತಿದೋರು, ಬೀದಿ ಗುಡಿಸಿದೋರು, ಮಲ ಬಾಚಿದೋರು ಈ ಊರಿಗೂ ಬೇಕಾಗಿದ್ರಲ್ಲ? ಪೇಟೆಗೆ ಅವರ ಕೆಲಸ ಬೇಕಿತ್ತು. ಆ ಜನರದ್ದು ಪೇಟೆ ಅಲ್ಲ, ಕೇರಿ. ಕೇರಿ ಅಂದ್ರೆ ಊರಾಚೆ.

1898

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಜನ ಊರು ಬಿಟ್ರು, ಸತ್ರು, ಮನೆ ಕಳ್ಕೊಂಡ್ರು. ಜನಗಣತಿ ನೋಡಿದ್ರೆ ದಂಡು ಮತ್ತು ಪೇಟೆ ಎರಡೂ ಸೇರಿ 1891ರಲ್ಲಿ ಸುಮಾರು 1 ಲಕ್ಷ 80 ಸಾವಿರ ಜನ. 1901ರಲ್ಲಿ ಸುಮಾರು 1 ಲಕ್ಷ 59 ಸಾವಿರ. ಹತ್ತು ವರ್ಷದಲ್ಲಿ ಊರು ಕುಗ್ಗಿತ್ತು. ಇವತ್ತಿಗೂ ಬೆಂಗಳೂರಿನ ಎಷ್ಟೋ ಕಡೆ ಪ್ಲೇಗಮ್ಮನ ಗುಡಿ ಇದೆ. ಭಯ ಎಷ್ಟಿತ್ತು ಅನ್ನೋದಕ್ಕೆ ಅದೇ ಸಾಕ್ಷಿ.

ಆಗ ಸರ್ಕಾರ ಕಂಡುಕೊಂಡ ಉತ್ತರ ಏನು? ಗಾಳಿ, ಬೆಳಕು, ಅಗಲ ರಸ್ತೆ. ಪೇಟೆಯ ಇಕ್ಕಟ್ಟೇ ರೋಗ, ಆದ್ದರಿಂದ ಹೊರಗೆ ಹೊಸ ಬಡಾವಣೆ ಮಾಡೋಣ ಅಂದ್ರು. 1892ರಲ್ಲೇ ಚಾಮರಾಜಪೇಟೆ, ಶೇಷಾದ್ರಿಪುರಂ ಶುರುವಾಗಿದ್ವು. ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಂ ಎದ್ದು ನಿಂತವು. ಸಾಲುಮರ, ಉದ್ಯಾನ, ಮನೆ ಸುತ್ತ ಖಾಲಿ ಜಾಗ. ಇವತ್ತು ‘ಹಳೇ ಬೆಂಗಳೂರಿನ ಸೊಗಸು’ ಅಂತ ಫೋಟೋ ಹಾಕಿ ಕಣ್ಣೀರು ಹಾಕೋದು ಇದೇ ಬಡಾವಣೆಗಳ ಬಗ್ಗೆ.

ಆ ಬಡಾವಣೆಗಳ ಬ್ಲಾಕ್‌ಗಳನ್ನು ಜಾತಿ, ಮತಗಳ ಪ್ರಕಾರ ಹಂಚಿದ್ದರು ಅನ್ನೋದನ್ನ ಈ ನಗರದ ಇತಿಹಾಸಕಾರರು ಬರೆದಿದ್ದಾರೆ. ಅಂದ್ರೆ ಆಧುನಿಕ ಆರೋಗ್ಯ ವಿಜ್ಞಾನದ ಹೆಸರಲ್ಲಿ ನಕ್ಷೆ ಬರೆದ್ರು, ಆದ್ರೆ ಒಳಗೆ ಹಳ್ಳಿಯ ವಠಾರಗಳನ್ನೇ ಗೆರೆ ಎಳೆದು ಕೂರಿಸಿದ್ರು. ಪೇಟೆಯಲ್ಲಿ ರೂಢಿಯಾಗಿದ್ದದ್ದು ಇಲ್ಲಿ ಪ್ಲಾನ್ ಆಯ್ತು.

ನಕ್ಷೆಯಲ್ಲಿ ಇನ್ನೊಂದು ಗೆರೆ ಇದೆ. ಅದರ ಬಗ್ಗೆ ಯಾರೂ ಹೆಮ್ಮೆಯಿಂದ ಪೋಸ್ಟ್ ಹಾಕಲ್ಲ. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಹಾದುಹೋಗೋ ಕಿರಿದಾದ ಗಲ್ಲಿ. ಕನ್ಸರ್ವೆನ್ಸಿ ಲೇನ್ ಅಂತಾರೆ. ಮಲ್ಲೇಶ್ವರಂನಲ್ಲಿ ಈಗಲೂ ನಡೆದು ನೋಡಬಹುದು. ಅದು ಯಾಕೆ ಇತ್ತು? ಆಗ ಫ್ಲಶ್ ಇರಲಿಲ್ಲ. ಕಕ್ಕಸ್ಸು ಹಿತ್ತಲ ಗೋಡೆಗೆ ಅಂಟಿಕೊಂಡಿರ್ತಿತ್ತು. ಮಲ ಬಾಚೋರು ಮುಂದಿನ ರಸ್ತೆಯಲ್ಲಿ ಕಾಣಿಸಬಾರದು, ಮನೆಯೊಳಗೆ ಕಾಲಿಡಬಾರದು, ಆದ್ರೆ ದಿನಾ ಬರಬೇಕು. ಅದಕ್ಕೊಂದು ಪ್ರತ್ಯೇಕ ದಾರಿ. ಅಸ್ಪೃಶ್ಯತೆಗೆ ಅಂತಲೇ ಅಳತೆ ಹಾಕಿ ಬಿಟ್ಟ ರಸ್ತೆ ಅದು.

ನಮ್ಮ ಅಜ್ಜಿ ಅಂಥ ಗಲ್ಲಿಯಲ್ಲಿ ಕೆಲಸ ಮಾಡಿದೋಳು. ಯಾವ ಬಡಾವಣೆ ಅಂತ ಬರೆಯಲ್ಲ, ಅದು ಮುಖ್ಯ ಅಲ್ಲ. ಅವಳಿಗೆ ಆ ಮನೆಗಳೆಲ್ಲ ಗೊತ್ತಿದ್ದದ್ದು ಹಿಂದಿನಿಂದ. ಹಸಿರು ಬಾಗಿಲ ಮನೆ, ನುಗ್ಗೆ ಮರದ ಮನೆ, ನಾಯಿ ಇರೋ ಮನೆ. ಮುಂದೆ ಜಗಲಿ ಹೇಗಿತ್ತು, ಕಂಬ ಎಷ್ಟಿತ್ತು ಅಂದ್ರೆ ಅವಳಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಒಂದೇ ಬೀದಿಗೆ ದುಡಿದು ಆ ಬೀದಿಯ ಮುಖ ನೋಡದೆ ಹೋದ ಹೆಂಗಸು.

ಆ ಬಡಾವಣೆಯ ‘ಸಾಂದ್ರತೆ’ ಲೆಕ್ಕ ಹಾಕುವಾಗ ಅಜ್ಜಿಯನ್ನ ಎಣಿಸಿದ್ದಾರಾ? ಇಲ್ಲ. ಅವಳು ರಾತ್ರಿ ಮಲಗ್ತಿದ್ದದ್ದು ಬೇರೆ ಕಡೆ. ಒಂದು ಅಂಕಣದ ಗುಡಿಸಲಲ್ಲಿ ಎಂಟು ಜನ. ಆ ಎಂಟು ಜನ ಲೆಕ್ಕಕ್ಕೆ ಬಂದದ್ದು ಕೇರಿಯ ಖಾತೆಗೆ. ಮುಂದೆ ಮರ, ಹಿಂದೆ ತೋಟ, ನಡುವೆ ಐದು ಜನರ ಮನೆ ಅಂತ ಒಂದು ಕಡೆ ವಿಶಾಲವಾಗಿರೋಕೆ, ಅದನ್ನ ಸ್ವಚ್ಛವಾಗಿಡೋರು ಇನ್ನೊಂದು ಕಡೆ ಒತ್ತೊತ್ತಾಗಿ ಮಲಗಬೇಕಿತ್ತು. ಎರಡೂ ಒಂದೇ ನಕ್ಷೆಯ ಎರಡು ಭಾಗ. ನನಗೆ ಇಲ್ಲಿ ಹೇಳಬೇಕಾಗಿರೋ ಮುಖ್ಯ ಮಾತು ಇಷ್ಟೇ. ಮಿಕ್ಕಿದ್ದೆಲ್ಲ ಅದರ ಮುಂದುವರಿಕೆ.

ಮಲವನ್ನು ತಲೆ ಮೇಲೆ ಹೊರಿಸೋ ಪದ್ಧತಿಯನ್ನ ನಿಲ್ಲಿಸೋಕೆ ಈ ರಾಜ್ಯದಲ್ಲಿ ಆದೇಶ ಮಾಡಿದ್ದು ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ನೋಡ್ತಿದ್ದ ಬಿ. ಬಸವಲಿಂಗಪ್ಪನವರು, 70ರ ದಶಕದ ಆರಂಭದಲ್ಲಿ. 1973ರ ಬೂಸಾ ಗಲಾಟೆ ಬಗ್ಗೆ ನಾವೆಲ್ಲ ಮಾತಾಡ್ತೀವಿ. ಅವರ ಈ ಕೆಲಸದ ಬಗ್ಗೆ ಅಷ್ಟು ಮಾತಾಡಲ್ಲ. ಆಮೇಲೆ 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಕೆಲಸ, ಬದುಕಿನ ಬಗ್ಗೆ ವರದಿ ಕೊಡ್ತು. ಆ ವರದಿ ಜಾರಿಗೆ ತನ್ನಿ ಅಂತ ನಮ್ಮ ಸಂಘಟನೆಗಳು ದಶಕಗಟ್ಟಲೆ ಬೀದಿಗಿಳಿದವು.

ಈಗ ಆ ಹಿತ್ತಲ ಗಲ್ಲಿಗಳು ಏನಾಗಿವೆ? ಕೆಲವು ಕಡೆ ಚೆಂದ ಮಾಡಿ, ಗೋಡೆಗೆ ಬಣ್ಣದ ಚಿತ್ರ ಬರೆದು, ಜನ ಓಡಾಡೋ ಹಾದಿ ಮಾಡಿದ್ದಾರೆ. ಒಳ್ಳೇದೇ. ಇನ್ನು ಕೆಲವು ಕಡೆ ಕಾರು ನಿಂತಿವೆ, ಕಟ್ಟಡದ ಡೆಬ್ರಿಸ್ ಬಿದ್ದಿದೆ. ಆದ್ರೆ ‘ಈ ಗಲ್ಲಿಯಲ್ಲಿ ಯಾರು, ಏನು ಹೊತ್ತು ನಡೆದ್ರು’ ಅಂತ ಹೇಳೋ ಒಂದು ಫಲಕ ನಾನು ಎಲ್ಲೂ ನೋಡಿಲ್ಲ. ಸರ್ಕಲ್‌ಗೆ ಹೆಸರಿಡೋಕೆ ಹೊಡೆದಾಡ್ತಾರೆ, ಈ ಗಲ್ಲಿಗೆ ಹೆಸರು ಕೇಳೋರಿಲ್ಲ.

ಬಡಾವಣೆ ಬಂದು ಕೇರಿಯನ್ನ ಸುತ್ತುವರಿದದ್ದು

1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯ್ತು. ಜಯನಗರ, ರಾಜಾಜಿನಗರ ಅದರ ಕಾಲದವು. 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂತು. ಇವರ ಕೆಲಸದ ರೀತಿ ಹೀಗೆ: ಊರಿನ ಸುತ್ತ ಇರೋ ಹೊಲ, ತೋಟ ಸ್ವಾಧೀನ ಮಾಡ್ಕೋಬೇಕು, ಪ್ರಿಲಿಮಿನರಿ ನೋಟಿಫಿಕೇಷನ್, ಫೈನಲ್ ನೋಟಿಫಿಕೇಷನ್, ಪರಿಹಾರ, ಲೇಔಟ್, ಸೈಟ್ ಹಂಚಿಕೆ. ಗ್ರಾಮಠಾಣಾವನ್ನ, ಅಂದ್ರೆ ಮನೆಗಳಿರೋ ಹಳೇ ಊರಿನ ಭಾಗವನ್ನ, ಸಾಮಾನ್ಯವಾಗಿ ಹಾಗೇ ಬಿಡ್ತಿದ್ರು.

ಇದರಲ್ಲಿ ಹೊಲ ಇದ್ದೋನಿಗೆ ಪರಿಹಾರ ಸಿಕ್ತು, ಕಡಿಮೆಯೋ ಜಾಸ್ತಿಯೋ. ಕೂಲಿ ಮಾಡ್ತಿದ್ದ ನಮ್ಮ ಜನಕ್ಕೆ? ಹೊಲ ಹೋದ ದಿನ ಕೂಲಿ ಹೋಯ್ತು. ಅವಾರ್ಡ್‌ನಲ್ಲಿ ಕೂಲಿಯವನ ಹೆಸರು ಬರೋ ಕಾಲಂ ಇಲ್ಲ. ತೋಟಿ, ತಳವಾರಿ, ನೀರಗಂಟಿ ಇನಾಮ್ತಿ ಅಂತ ಚೂರುಪಾರು ಜಮೀನು ಇದ್ದೋರದ್ದೂ ಎಷ್ಟೋ ಕೈಬದಲಾಗಿತ್ತು. ಅದನ್ನ ತಡೆಯೋಕೆ ಅಂತ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತರಬೇಕಾಗಿ ಬಂತು.

ಊರಿನ ಕೇರಿ ಇದ್ದಲ್ಲೇ ಉಳೀತು. ಸುತ್ತ 40x60, 60x90 ಸೈಟು ಎದ್ದವು. ಇಪ್ಪತ್ತು ವರ್ಷ ಕಳೆದ ಮೇಲೆ ಅಲ್ಲಿ ಮನೆ ಕಟ್ಟಿದೋರು ಕಿಟಕಿ ತೆಗೆದು ‘ಇಷ್ಟು ಒಳ್ಳೇ ಲೇಔಟಲ್ಲಿ ಈ ಸ್ಲಮ್ಮು ಯಾವಾಗ ಬಂತು?’ ಅಂದ್ರು. ಸ್ವಾಮಿ, ಸ್ಲಮ್ಮು ಬರಲಿಲ್ಲ, ನೀವು ಬಂದ್ರಿ. ಅದು ಕೇರಿಯಾಗಿ ನಿಮ್ಮ ತಾತನ ಕಾಲದಿಂದ ಅಲ್ಲೇ ಇತ್ತು. ಎಲ್ಲ ಸ್ಲಮ್ಮುಗಳ ಕತೆ ಇದೇ ಅಂತಲ್ಲ. ಕಟ್ಟಡ ಕೆಲಸಕ್ಕೆ ಬಂದು ನೆಲೆ ನಿಂತೋರು, ಕೋಲಾರದಿಂದ, ಆಂಧ್ರದಿಂದ, ತಮಿಳುನಾಡಿನಿಂದ, ಈಚೆಗೆ ರಾಯಚೂರು, ಯಾದಗಿರಿಯಿಂದ ಬಂದೋರು ಇದ್ದಾರೆ. ಅವರೂ ಯಾರೋ ಕರೆದದ್ದಕ್ಕೇ ಬಂದದ್ದು. ಕಾಂಕ್ರೀಟು ತಾನಾಗಿ ಮೂರನೇ ಮಹಡಿಗೆ ಹತ್ತಲ್ಲ.

1973ರಲ್ಲಿ ಕರ್ನಾಟಕಕ್ಕೆ ಕೊಳಚೆ ಪ್ರದೇಶಗಳ ಕಾಯ್ದೆ ಬಂತು. ಹೆಸರಲ್ಲೇ ‘ಅಭಿವೃದ್ಧಿ ಮತ್ತು ನಿರ್ಮೂಲನ’. ಅದರ ಕೆಳಗೆ ಆದ ಮಂಡಳಿಗೆ ಬಹಳ ಕಾಲ ಇದ್ದ ಹೆಸರು ಕೊಳಗೇರಿ ನಿರ್ಮೂಲನ ಮಂಡಳಿ. ಕ್ಷಯ ನಿರ್ಮೂಲನ, ಮಲೇರಿಯಾ ನಿರ್ಮೂಲನ ಅಂದ ಹಾಗೆ. ಈಗ ‘ಅಭಿವೃದ್ಧಿ ಮಂಡಳಿ’ ಆಗಿದೆ. ಹೆಸರು ಬದಲಾದದ್ದು ಸಣ್ಣ ವಿಷಯ ಅಲ್ಲ, ಆದರೆ ಒಂದು ಪ್ರದೇಶವನ್ನ ಕಾಯ್ದೆ ಪ್ರಕಾರ ಘೋಷಣೆ ಮಾಡಿಸೋಕೆ, ಆಮೇಲೆ ಹಕ್ಕುಪತ್ರ ಕೈಗೆ ಬರೋಕೆ ಎಷ್ಟು ಚಪ್ಪಲಿ ಸವೀಬೇಕು ಅಂತ ಇದನ್ನ ಓದ್ತಿರೋ ಎಷ್ಟೋ ಜನಕ್ಕೆ ಗೊತ್ತು.

ಕಚೇರಿ ಭಾಷೆಯ ಇನ್ನೊಂದು ವಿಷಯ ಹೇಳ್ತೀನಿ. ಎಫ್‌ಎಆರ್ ಅಂತ ಕೇಳಿರ್ತೀರಿ. ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಲೆಕ್ಕ. 2007ರಲ್ಲಿ ಒಪ್ಪಿಗೆಯಾದ 2015ರ ಮಾಸ್ಟರ್ ಪ್ಲಾನ್ ಪ್ರಕಾರ ಇದು ಸೈಟಿನ ಗಾತ್ರ ಮತ್ತು ಮುಂದಿರೋ ರಸ್ತೆಯ ಅಗಲದ ಮೇಲೆ ನಿಂತಿದೆ. ದೊಡ್ಡ ಸೈಟು, ಅಗಲ ರಸ್ತೆ ಇದ್ದೋನಿಗೆ ಹೆಚ್ಚು ಕಟ್ಟೋ ಹಕ್ಕು. ಆರಡಿ ಗಲ್ಲಿಯಲ್ಲಿ ಇರೋನಿಗೆ ಪ್ಲಾನ್ ಸ್ಯಾಂಕ್ಷನ್ನೇ ಕಷ್ಟ. ಪ್ಲಾನ್ ಇಲ್ಲದಿದ್ರೆ ಬ್ಯಾಂಕ್ ಸಾಲ ಇಲ್ಲ, ಖಾತೆ ಸರಿ ಇಲ್ಲ. ಮಗನಿಗೆ ಮದುವೆ ಆಯ್ತು ಅಂತ ಮೇಲೊಂದು ಶೀಟ್ ರೂಮ್ ಹಾಕಿದ್ರೆ ಅಕ್ರಮ. ಅಗಲ ರಸ್ತೆಯಲ್ಲಿ ಹದಿನೈದು ಮಹಡಿ ಎದ್ದರೆ ಅಭಿವೃದ್ಧಿ, ಗಲ್ಲಿಯಲ್ಲಿ ಎರಡನೇ ಮಹಡಿ ಎದ್ದರೆ ‘ಏರಿಯಾ ತುಂಬೋಗಿದೆ’.

ಈಜಿಪುರ

ಟ್ರಾಫಿಕ್ಕು, ಸಾಂದ್ರತೆ, ಅಭಿವೃದ್ಧಿ ಮೂರೂ ಒಟ್ಟಿಗೆ ಸೇರಿರೋ ಜಾಗ ನೋಡಬೇಕು ಅಂದ್ರೆ ಕೋರಮಂಗಲದ ಪಕ್ಕದ ಈಜಿಪುರಕ್ಕೆ ಹೋಗಿ.

90ರ ದಶಕದ ಆರಂಭದಲ್ಲಿ ಪಾಲಿಕೆ ಅಲ್ಲಿ ಆರ್ಥಿಕವಾಗಿ ದುರ್ಬಲರಿಗೆ ಅಂತ ಕ್ವಾರ್ಟರ್ಸ್ ಕಟ್ಟಿಸ್ತು. 1,512 ಮನೆ, ಸುಮಾರು 15 ಎಕರೆ ಜಾಗ. ಕಟ್ಟಡ ಎಷ್ಟು ಕಳಪೆ ಅಂದ್ರೆ ಕೆಲವೇ ವರ್ಷದಲ್ಲಿ ಬ್ಲಾಕ್‌ಗಳು ಕುಸಿದವು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ ಹಾಕ್ಕೊಂಡು ಉಳಿದ್ರು, ಹೊಸ ಮನೆ ಕಟ್ಟಿಕೊಡ್ತಾರೆ ಅಂತ. ದಲಿತರು, ಮುಸ್ಲಿಮರು, ತಮಿಳು ಕೂಲಿಗಳು. ಗಂಡಸರು ಪೇಂಟಿಂಗ್, ಗಾರೆ, ಆಟೋ. ಹೆಂಗಸರು ಕೋರಮಂಗಲದ ಮನೆಗಳಲ್ಲಿ ಪಾತ್ರೆ, ಕಸ, ಅಡುಗೆ. ಎಲ್ಲರೂ ನಡೆದೇ ಕೆಲಸಕ್ಕೆ ಹೋಗ್ತಿದ್ರು. ಟ್ರಾಫಿಕ್‌ಗೆ ಅವರ ಕೊಡುಗೆ ಸೊನ್ನೆ.

ಆಮೇಲೆ ಸರ್ಕಾರಿ–ಖಾಸಗಿ ಪಾಲುದಾರಿಕೆ ಬಂತು. ಖಾಸಗಿಯವರು ಅರ್ಧ ಜಾಗದಲ್ಲಿ ಬಡವರಿಗೆ ಮನೆ ಕಟ್ಟಿಕೊಡಬೇಕು, ಉಳಿದರ್ಧದಲ್ಲಿ ವಾಣಿಜ್ಯ ಕಟ್ಟಡ ಕಟ್ಟಬಹುದು ಅನ್ನೋ ಒಪ್ಪಂದ. 2013ರ ಜನವರಿಯಲ್ಲಿ ಪೊಲೀಸ್ ಬಲ ತಂದು, ಜೆಸಿಬಿ ಹಚ್ಚಿ ಶೆಡ್‌ಗಳನ್ನ ನೆಲಸಮ ಮಾಡಿದ್ರು. ಚಳಿಗಾಲ. ಮಕ್ಕಳಿಗೆ ಪರೀಕ್ಷೆ ಹತ್ತಿರ. ಎಷ್ಟೋ ಕುಟುಂಬ ಪಕ್ಕದ ಫುಟ್‌ಪಾತ್ ಮೇಲೆ ಟಾರ್ಪಾಲ್ ಕಟ್ಕೊಂಡು ತಿಂಗಳುಗಟ್ಟಲೆ ಕೂತ್ರು. ಬದಲಿ ಅಂತ ತೋರಿಸಿದ್ದು ಸರ್ಜಾಪುರ ರಸ್ತೆ ಕಡೆ, ಊರಂಚಿನ ಸೂಲಿಕುಂಟೆ.

ಈಗ ಯೋಚನೆ ಮಾಡಿ. ನಡೆದು ಕೆಲಸಕ್ಕೆ ಹೋಗ್ತಿದ್ದ ಹೆಂಗಸು ಸೂಲಿಕುಂಟೆಗೆ ಹೋದ್ರೆ ಏನಾಗುತ್ತೆ? ಒಂದೋ ಕೆಲಸ ಬಿಡಬೇಕು, ಇಲ್ಲ ಬಸ್ಸಲ್ಲಿ ಬರಬೇಕು. ಗಂಡ ಸೆಕೆಂಡ್‌ಹ್ಯಾಂಡ್ ಸ್ಕೂಟರ್ ತಗೊಳ್ತಾನೆ. ಅದೇ ಸರ್ಜಾಪುರ ರಸ್ತೆಯ ಜಾಮಿಗೆ ಇನ್ನೊಂದು ಗಾಡಿ. ‘ಡಿಕಂಜೆಷನ್’ ಅಂತ ಬಡವರನ್ನ ಊರಾಚೆ ಕಳಿಸಿದ ಪ್ರತಿ ಸಲ ಈ ನಗರ ತನ್ನ ಟ್ರಾಫಿಕ್ಕನ್ನ ತಾನೇ ಹೆಚ್ಚಿಸ್ಕೊಂಡಿದೆ. ಇದಕ್ಕೆ ದೊಡ್ಡ ಎಂಜಿನಿಯರ್ ಬೇಕಿಲ್ಲ, ಬಸ್ ಪಾಸ್ ಇರೋ ಯಾರನ್ನ ಕೇಳಿದ್ರೂ ಹೇಳ್ತಾರೆ.

ಅದೇ ಈಜಿಪುರ ಜಂಕ್ಷನ್‌ನಿಂದ ಕೇಂದ್ರೀಯ ಸದನದವರೆಗೆ ಸುಮಾರು ಎರಡೂವರೆ ಕಿಲೋಮೀಟರ್ ಮೇಲ್ಸೇತುವೆ ಕೆಲಸ 2017ರಲ್ಲಿ ಶುರುವಾಯ್ತು. ಗುತ್ತಿಗೆದಾರರು ಬದಲಾದ್ರು, ಗಡುವು ಮೇಲೆ ಗಡುವು ಹೋಯ್ತು, ವರ್ಷಗಟ್ಟಲೆ ಬರೀ ಕಂಬಗಳು ನಿಂತಿದ್ವು. ಕಂಬಗಳ ಬಗ್ಗೆ ಎಷ್ಟು ಮೀಮ್ ಬಂದವು, ಎಷ್ಟು ಟಿವಿ ಚರ್ಚೆ ಆದವು! ಆ ಕಂಬಗಳಿಂದ ಕೂಗಳತೆ ದೂರದಲ್ಲಿ 1,512 ಮನೆಯ ಜಾಗ ಇತ್ತು. ಅದರ ಬಗ್ಗೆ ಮೀಮ್ ಬರಲಿಲ್ಲ.

ಯಾರ ಕೂಗು ಕೇಳಿಸುತ್ತೆ

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಮಾಡ್ತೀವಿ ಅಂತ ಸರ್ಕಾರ ಹೊರಟಿತ್ತು. ವೆಚ್ಚ ಸುಮಾರು 1,800 ಕೋಟಿ, ಎಂಟುನೂರಕ್ಕೂ ಹೆಚ್ಚು ಮರ ಹೋಗ್ತಿತ್ತು. ಅಕ್ಟೋಬರ್‌ನಲ್ಲಿ ಸಾವಿರಾರು ಜನ ಮಾನವ ಸರಪಳಿ ಮಾಡಿದ್ರು. 2017ರ ಮಾರ್ಚ್‌ನಲ್ಲಿ ಯೋಜನೆ ಕೈಬಿಟ್ರು. ಆ ಹೋರಾಟ ಸರಿಯಾದದ್ದು. ನಾನು ಅದನ್ನ ಲೇವಡಿ ಮಾಡಲ್ಲ. ಜನ ಬೀದಿಗೆ ಬಂದ್ರೆ ಸರ್ಕಾರ ಬಗ್ಗುತ್ತೆ ಅಂತ ತೋರಿಸಿದ ಹೋರಾಟ.

ಆದ್ರೆ ಹೋಲಿಕೆ ಮಾಡಲೇಬೇಕು. ಈಜಿಪುರದಲ್ಲೂ ಜನ ಬೀದಿಗೆ ಬಂದಿದ್ರು. ಅಲ್ಲಿ ಬೀದಿಯೇ ಅವರ ಮನೆ ಆಗಿತ್ತು. ಮರಕ್ಕೆ ಅಪ್ಪಿಕೊಂಡು ನಿಂತರೆ ಪರಿಸರ ಪ್ರೇಮ, ಮನೆ ಬಾಗಿಲಿಗೆ ಅಡ್ಡ ನಿಂತರೆ ಕರ್ತವ್ಯಕ್ಕೆ ಅಡ್ಡಿ. ಮರದ ಪರ ಬಂದ ಸಾವಿರಾರು ಜನರಲ್ಲಿ ಕಾಲು ಭಾಗ ಆ ಜನವರಿಯಲ್ಲಿ ಈಜಿಪುರಕ್ಕೆ ಬಂದಿದ್ರೆ ಕತೆ ಬೇರೆ ಆಗ್ತಿತ್ತೋ ಏನೋ. ಬಂದ ಕೆಲವರಿದ್ರು. ಅವರನ್ನ ನಾವು ಮರೆಯಲ್ಲ.

ಲೆಕ್ಕ

2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ. ವಿಸ್ತೀರ್ಣ 741 ಚದರ ಕಿ.ಮೀ. ಭಾಗಿಸಿದ್ರೆ ಚದರ ಕಿ.ಮೀ.ಗೆ ಸುಮಾರು 11,000 ಜನ. ಸರಾಸರಿ ಅನ್ನೋದು ದೊಡ್ಡ ಕಳ್ಳ. ಬಂಗಲೆಯ ಹುಲ್ಲುಹಾಸನ್ನೂ ಗುಡಿಸಲ ಹೊಸ್ತಿಲನ್ನೂ ಕೂಡಿಸಿ ಭಾಗಿಸಿಬಿಡುತ್ತೆ.

2018ರಲ್ಲಿ ಬೆಂಗಳೂರು ಐಐಎಂನ ಸಂಶೋಧಕರು ಜನಗಣತಿಯ ಎಣಿಕೆ ಬ್ಲಾಕ್ ಮಟ್ಟದ ಅಂಕಿಅಂಶ ಹಿಡಿದು ದೇಶದ ದೊಡ್ಡ ನಗರಗಳನ್ನ ನೋಡಿದ್ರು. ವಾರ್ಡ್ ಮಟ್ಟದಲ್ಲಿ ಎಲ್ಲ ಜಾತಿ ಬೆರೆತ ಹಾಗೆ ಕಾಣುತ್ತೆ, ವಾರ್ಡಿನ ಒಳಗೆ ಇಳಿದು ನೋಡಿದ್ರೆ ಊರು–ಕೇರಿ ಹಾಗೇ ಇದೆ ಅನ್ನೋದು ಅವರು ತೋರಿಸಿದ ಸಂಗತಿ. ನಮಗೆ ಹೊಸದಲ್ಲ. ಆದ್ರೆ ನಾವು ಹೇಳಿದ್ರೆ ಗೊಣಗಾಟ, ಅಂಕಿ ಹೇಳಿದ್ರೆ ಸಂಶೋಧನೆ. ಇರಲಿ, ಅಂಕಿ ಇಟ್ಕೊಳ್ಳಿ, ಸಭೆಗಳಲ್ಲಿ ಕೆಲಸಕ್ಕೆ ಬರುತ್ತೆ.

ಇನ್ನೊಂದು ಲೆಕ್ಕ. ಕಟ್ಟಡ ನಿಯಮದ ಪ್ರಕಾರ ಒಂದು ಕಾರ್ ನಿಲ್ಲಿಸೋಕೆ ಬಿಡಬೇಕಾದ ಜಾಗ ಎರಡೂವರೆ ಮೀಟರ್ ಅಗಲ, ಐದೂವರೆ ಮೀಟರ್ ಉದ್ದ. ಹೆಚ್ಚುಕಡಿಮೆ 148 ಚದರ ಅಡಿ. ನಮ್ಮ ಕೇರಿಯಲ್ಲಿ 10x12ರ ಮನೆ ಅಂದ್ರೆ 120 ಚದರ ಅಡಿ, ಒಳಗೆ ಐದಾರು ಜನ, ಒಲೆ, ನೀರಿನ ಡ್ರಮ್ಮು, ಮಕ್ಕಳ ಪುಸ್ತಕ. ಈ ನಗರದಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ 1 ಕೋಟಿ ದಾಟಿದೆ. ಬಿಎಂಟಿಸಿ ಬಸ್ಸುಗಳು ಆರೇಳು ಸಾವಿರದ ಆಸುಪಾಸಲ್ಲೇ ಒದ್ದಾಡ್ತಿವೆ. ಏರಿಯಾ ತುಂಬಿರೋದು ಜನರಿಂದಾನಾ, ಗಾಡಿಗಳಿಂದಾನಾ? ಕಾರಿಗೆ ಜಾಗ ಕೇಳೋದು ನಾಗರಿಕ ಹಕ್ಕು, ಮನುಷ್ಯನಿಗೆ ಜಾಗ ಕೇಳಿದ್ರೆ ಒತ್ತುವರಿ. ಈ ಮಾತನ್ನ ಸಭೆಯಲ್ಲಿ ಹೇಳಿದಾಗ ಒಬ್ಬ ಹಿರಿಯರು ‘ಎಲ್ಲದರಲ್ಲೂ ಜಾತಿ ತರಬೇಡ್ರಿ’ ಅಂದ್ರು. ನಾನು ತಂದದ್ದಲ್ಲ ಸಾರ್, ಅದು ಬ್ಲಾಕ್ ನಂಬರ್ ಜೊತೆಗೇ ಬಂದದ್ದು ಅಂದೆ.

ಬಾಡಿಗೆ ಬೋರ್ಡು

ಕೆಲವರು ಕೇಳ್ತಾರೆ, ‘ಈಗ ಯಾರು ಬೇಕಾದ್ರೂ ಎಲ್ಲಿ ಬೇಕಾದ್ರೂ ಮನೆ ಮಾಡಬಹುದಲ್ಲ?’ ಅಂತ. ಸರ್ಕಾರಿ ಕೆಲಸ, ತಿಂಗಳ ಸಂಬಳ, ಅಡ್ವಾನ್ಸ್ ಕೈಯಲ್ಲಿ ಹಿಡ್ಕೊಂಡು ನಾನು ಮನೆ ಹುಡುಕಿದ್ದೀನಿ. ‘ಟು ಲೆಟ್’ ಬೋರ್ಡ್ ಇರುತ್ತೆ, ರೂಮ್ ತೋರಿಸ್ತಾರೆ, ನೀರು ಚೆನ್ನಾಗಿದೆ ಅಂತಾರೆ. ಆಮೇಲೆ ‘ನೀವು ವೆಜ್ಜಾ?’ ಅಲ್ಲಿಗೆ ನಿಲ್ಲದಿದ್ರೆ ‘ಯಾವ ಕಡೆ ಜನ ನೀವು?’ ಅದಕ್ಕೂ ಊರ ಹೆಸರು ಹೇಳಿ ತಪ್ಪಿಸ್ಕೊಂಡ್ರೆ ‘ಮನೆದೇವರು ಯಾವ್ದು?’ ಮಾರಮ್ಮ ಅಂದ ತಕ್ಷಣ ಅವರ ತಮ್ಮನ ಮಗ ದುಬೈಯಿಂದ ಬರೋನಿರ್ತಾನೆ, ಮನೆ ಅವನಿಗೆ ಬೇಕಾಗುತ್ತೆ. ನನಗೆ ಗೊತ್ತಿರೋ ಹಾಗೆ ಆ ತಮ್ಮನ ಮಗ ಈ ಬೆಂಗಳೂರಲ್ಲಿ ಕನಿಷ್ಠ ಹದಿನಾಲ್ಕು ಮನೆಗೆ ಬರಬೇಕಾಗಿತ್ತು.

ಬಾಬಾಸಾಹೇಬರು 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಅಮೆರಿಕ, ಲಂಡನ್‌ಗಳಲ್ಲಿ ಓದಿ ಬಂದಿದ್ರು. ಇಡೀ ಊರಲ್ಲಿ ತಲೆ ಇಡೋಕೆ ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಒಂದು ವಸತಿಗೃಹದಲ್ಲಿ ಉಳಿದ್ರು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದೋರು ಹೊರಗೆ ಹಾಕಿದ್ರು. ಹಳ್ಳಿ ಅನ್ನೋದು ದಲಿತರ ಪಾಲಿನ ಸೆರೆ ಅಂತ ಮುಂದೆ ಅಷ್ಟು ಖಡಕ್ಕಾಗಿ ಹೇಳಿದ ಅದೇ ಬಾಬಾಸಾಹೇಬರಿಗೆ, ನಗರವೂ ತಾನಾಗಿ ಬಾಗಿಲು ತೆಗೆಯಲ್ಲ ಅನ್ನೋದು ಆ ಸಂಜೆಯಿಂದಲೇ ಗೊತ್ತಿತ್ತು. ಆದ್ರೂ ನಗರಕ್ಕೆ ಹೋಗಿ ಅಂದ್ರು. ಯಾಕಂದ್ರೆ ನಗರದಲ್ಲಿ ಬಾಗಿಲು ಬಡಿಯೋಕಾದ್ರೂ ಸಾಧ್ಯ ಇದೆ.

ನಮ್ಮವರಿಗೆ ಒಂದು ಮಾತು

ಕೊಳಗೇರಿಯನ್ನ ಕೊಂಡಾಡೋ ಕೆಲಸ ನಮಗೆ ಬೇಡ. ‘ಅಲ್ಲಿ ಎಂಥ ಒಗ್ಗಟ್ಟು, ಎಂಥ ಬದುಕು’ ಅಂತ ಬರೆಯೋರು ಒಂದು ಮಳೆಗಾಲ ಅಲ್ಲಿ ಇದ್ದು ನೋಡಲಿ. ನಮ್ಮ ಹೆಣ್ಣುಮಕ್ಕಳಿಗೆ ಬಾಗಿಲಿರೋ ಶೌಚಾಲಯ ಬೇಕು, ಓದೋ ಮಕ್ಕಳಿಗೆ ಒಂದು ಮೂಲೆ ಬೇಕು, ಗಾಳಿ ಬೆಳಕು ಬೇಕು. 1898ರಲ್ಲಿ ಪೇಟೆಯ ಸಿರಿವಂತರಿಗೆ ಯಾವುದು ಆರೋಗ್ಯ ಅಂತ ಸರ್ಕಾರ ಕೊಟ್ಟಿತೋ ಅದನ್ನೇ ನಾವು 125 ವರ್ಷ ತಡವಾಗಿ ಕೇಳ್ತಿದ್ದೀವಿ. ಇರೋ ಜಾಗದಲ್ಲೇ ಅಥವಾ ನಡೆಯೋ ದೂರದಲ್ಲೇ ಕೊಡಿ ಅಂತ ಕೇಳ್ತಿದ್ದೀವಿ.

ಟ್ರಾಫಿಕ್ ಬಗ್ಗೆ ಹೋರಾಡೋ ನಿವಾಸಿಗಳ ಸಂಘಗಳನ್ನ ಶತ್ರು ಅಂತ ನೋಡೋದೂ ಬೇಡ. ಬಸ್ಸು ಹೆಚ್ಚಲಿ, ಫುಟ್‌ಪಾತ್ ಸರಿಯಾಗಲಿ, ಮೇಲ್ಸೇತುವೆಗೆ ಸುರಿಯೋ ದುಡ್ಡು ಬಸ್ಸಿಗೆ ಬರಲಿ ಅನ್ನೋ ಬೇಡಿಕೆ ಅವರದ್ದೂ ಹೌದು, ನಮ್ಮದೂ ಹೌದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮನೆಗೆಲಸದ ಹೆಂಗಸರು ಎಷ್ಟು ದೂರದಿಂದ ಬರ್ತಿದ್ದಾರೆ ಅಂತ ಬಸ್ಸಲ್ಲೇ ಕಾಣುತ್ತೆ. ಅವರ ಮನೆ ಹತ್ತಿರ ಇದ್ದಿದ್ರೆ ಬಸ್ಸೂ ಹಗುರ, ಅವರ ಬೆಳಗಿನ ಜಾವದ ನಿದ್ದೆಯೂ ಒಂದು ಗಂಟೆ ಹೆಚ್ಚು. ಇದನ್ನ ಅವರಿಗೆ ಅರ್ಥ ಮಾಡಿಸಬೇಕು, ಕೂತು ಮಾತಾಡಿಯೇ ಮಾಡಿಸಬೇಕು.

ಮಾತಾಡೋಕೆ ಜಾಗ ಎಲ್ಲಿ? 2011ರ ತಿದ್ದುಪಡಿಯಲ್ಲಿ ವಾರ್ಡ್ ಸಮಿತಿ ಅಂತ ಬಂತು. ಹತ್ತು ಸದಸ್ಯರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಜಾತಿ/ಪಂಗಡ, ಮೂವರು ಮಹಿಳೆಯರು, ಇಬ್ಬರು ನಿವಾಸಿಗಳ ಸಂಘದೋರು ಇರಬೇಕು ಅಂತ. ಸಂಘದೋರ ಕುರ್ಚಿ ಖಾಲಿ ಇದ್ದದ್ದು ನಾನು ನೋಡಿಲ್ಲ. ನಮ್ಮ ಕುರ್ಚಿಯಲ್ಲಿ ಯಾರು ಕೂತಿದ್ರು, ಅವರನ್ನ ಯಾರು ಆರಿಸಿದ್ರು, ಒಂದು ಸಲವಾದ್ರೂ ಬಾಯಿಬಿಟ್ರಾ ಅಂತ ನಾವು ಕೇಳಲೇ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆ ಅಂತ ಊರನ್ನೇ ಹೊಸದಾಗಿ ಹಂಚಿದ್ದಾರೆ. ವಾರ್ಡಿನ ಗೆರೆ ಬದಲಾದ್ರೆ ಕೇರಿ ಎರಡು ವಾರ್ಡಿಗೆ ಸೀಳಿಹೋಗಬಹುದು, ಮತ ಚೆದುರಬಹುದು. ನಿಮ್ಮ ಕೇರಿ ಯಾವ ವಾರ್ಡಿಗೆ ಬಿತ್ತು ಅಂತ ನಕ್ಷೆ ತೆಗೆದು ನೋಡಿ.

ಇದನ್ನ ಓದಿದ ಪ್ರತಿಯೊಬ್ಬರಿಗೂ ಒಂದು ಕೆಲಸ ಕೊಡ್ತೀನಿ. ಲೈಕ್ ಬೇಡ. ನಿಮ್ಮ ಕೇರಿಯ ಹಿರಿಯರ ಹತ್ರ ಕೂತು ಒಂದು ಪ್ರಶ್ನೆ ಕೇಳಿ: ಕೇರಿ ಮೊದಲಾ, ಬಡಾವಣೆ ಮೊದಲಾ? ಅವರು ಹೇಳಿದ್ದನ್ನ ಬರೆದಿಡಿ. ಜೊತೆಗೆ ಕಾಗದ ಜೋಡಿಸಿ. ಹಳೇ ರೇಷನ್ ಕಾರ್ಡು, ಮತದಾರರ ಪಟ್ಟಿ, ಶಾಲೆಯ ಟಿಸಿ, ಕಂದಾಯದ ರಸೀದಿ, ಕರೆಂಟ್ ಬಿಲ್ಲು, ಮಾರಮ್ಮನ ಜಾತ್ರೆಯ ಹಳೇ ಕರಪತ್ರ, ಏನು ಸಿಕ್ಕರೂ ಸರಿ. ಜೆರಾಕ್ಸ್ ಮಾಡಿ ಮೂರು ಕಡೆ ಇಡಿ, ಒಂದು ಸೆಟ್ ಕೇರಿಯಿಂದ ಹೊರಗೆ ಇರಲಿ, ಯಾಕಂದ್ರೆ ಜೆಸಿಬಿ ಬಂದಾಗ ಮೊದಲು ಮಣ್ಣುಪಾಲಾಗೋದು ಟ್ರಂಕು. ಇಪ್ಪತ್ತು ವರ್ಷದ ಗುಮಾಸ್ತಿಕೆಯಲ್ಲಿ ನಾನು ಕಲಿತದ್ದು ಇಷ್ಟು: ದಾಖಲೆ ಇಲ್ಲದ ನೋವಿಗೆ ಫೈಲಲ್ಲಿ ಪುಟ ಸಂಖ್ಯೆ ಬೀಳಲ್ಲ.

ನಿಮ್ಮ ಕೇರಿಯ ಉತ್ತರವನ್ನ ಕಾಮೆಂಟಲ್ಲಿ ಬರೀರಿ. ಊರು, ಕೇರಿಯ ಹೆಸರು, ಬಡಾವಣೆ ಬಂದ ವರ್ಷ, ಗೊತ್ತಿರೋಷ್ಟು. ನಾನು ಒಂದೊಂದಾಗಿ ಒಂದು ಪುಸ್ತಕಕ್ಕೆ ಇಳಿಸ್ತೀನಿ.

ಜೈ ಭೀಮ್.